ಬರಿದಾದ ಕರಡಿಗೆಯ ಬೆಲೆ

ಪ್ರಸಾಧನ ಸಾಮಗ್ರಿಯನ್ನು ಕೊಳ್ಳುವವರು ಒಂದೇ ಬೆಲೆಗೆ ಎರಡು ವಸ್ತುಗಳನ್ನು ಕೊಳ್ಳುತ್ತಾರೆ: ಒಳಗಿನ ಪದಾರ್ಥ ಒಂದು, ಅದನ್ನು ಹಿಡಿದಿಟ್ಟಿರುವ ಹೊದಿಕೆ ಇನ್ನೊಂದು. ಮೊದಲನೆಯದು ಮೈಗೆ ಹತ್ತಿ, ನೀರಿನಲ್ಲಿ ತೊಳೆದು ತೀರಿಹೋಗುತ್ತದೆ; ಎರಡನೆಯದು ಉಳಿಯುತ್ತದೆ. ಹೀಗೆ ಉಳಿದದ್ದು ನಿಸರ್ಗಕ್ಕೆ ಹೊರೆಯಾಗುವುದೇ ಇಲ್ಲವೇ ಎಂಬ ವಿಚಾರದಲ್ಲಿ ರಸಾಯನಶಾಸ್ತ್ರದ ಮಾತು ಎಷ್ಟೋ ಇದೆ. ಆದರೆ ಎಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಅರ್ಥಶಾಸ್ತ್ರದ್ದು: ಬರಿದಾದ ಮೇಲೆ ಹೊದಿಕೆಗೆ ಏನಾದರೂ ಬೆಲೆ ಉಂಟೆ? ಬೆಲೆಯುಳ್ಳದ್ದನ್ನು ಯಾರಾದರೂ ಎತ್ತಿಕೊಳ್ಳುತ್ತಾರೆ. ಬೆಲೆಯಿಲ್ಲದ್ದು ಬಿದ್ದಲ್ಲಿಯೇ ಉಳಿಯುತ್ತದೆ.

ಹಿಂದಿನವರಿಗೆ ಈ ಪ್ರಶ್ನೆ ಎದುರಾಗಲಿಲ್ಲ. ಈಜಿಪ್ಟಿನ ಪ್ರಾಚೀನ ಸಮಾಧಿಗಳಲ್ಲಿ ಕಲ್ಲಿನ ಹಾಗೂ ಗಾಜಿನ ಕಾಡಿಗೆಯ ಭರಣಿಗಳು ದೊರೆತಿವೆ. ಒಡೆಯರೊಡನೆ ಸಮಾಧಿ ಸೇರುವಷ್ಟು ಅವು ಬೆಲೆಬಾಳುತ್ತಿದ್ದುವು. ನಮ್ಮ ಮನೆಗಳ ಕುಂಕುಮದ ಕರಡಿಗೆ, ಪನ್ನೀರುದಾನಿ, ಚನ್ನಪಟ್ಟಣದ ಅರಗಿನ ಬಣ್ಣದ ಮರದ ಭರಣಿ ಇವೆಲ್ಲ ತಾಯಿಯಿಂದ ಮಗಳಿಗೆ ಬರುತ್ತಿದ್ದ ಒಡವೆಗಳೇ. ಕುಂಕುಮವೂ ಸೀಗೆಪುಡಿಯೂ ಅಂಗಡಿಯಿಂದ ಕಾಗದದ ಪೊಟ್ಟಣದಲ್ಲಿ ಬರುತ್ತಿದ್ದುವು; ಪಾತ್ರೆ ಮನೆಯಲ್ಲಿಯೇ ಇರುತ್ತಿತ್ತು. ಪದಾರ್ಥವೊಂದೇ ಪುನಃಪುನಃ ಕೊಳ್ಳುವ ವಸ್ತು, ಪಾತ್ರೆ ಒಮ್ಮೆ ಮಾತ್ರ ಕೊಳ್ಳುವ ವಸ್ತು ಎಂಬ ಭೇದವು ಆಗ ಸ್ಪಷ್ಟವಾಗಿತ್ತು. ಕಾರ್ಖಾನೆಗಳು ಬಂದ ಮೇಲೂ ಈ ಸರಳತೆ ಕೆಲವು ಕಾಲ ಉಳಿಯಿತು. 1918ರಲ್ಲಿ ಪೇಟೆಗೆ ಬಂದ ಮೈಸೂರು ಶ್ರೀಗಂಧದ ಸಾಬೂನಿಗೆ ಕಾಗದದ ಪೆಟ್ಟಿಗೆಯೇ ಸಾಕಾಯಿತು. ಗಟ್ಟಿಯಾದ ವಸ್ತುವಿಗೆ ಬಾಟಲಿಯ ಹಂಗಿಲ್ಲ.

ದ್ರವ, ಮುಲಾಮು, ಪುಡಿಗಳಾದರೋ ಭದ್ರವಾದ ಧಾರಕವನ್ನು ಬೇಡುತ್ತವೆ. ಅಮೆರಿಕದ ಚಿತ್ರಕಾರ ಜಾನ್ ರ‍್ಯಾಂಡ್ 1841ರಲ್ಲಿ ವರ್ಣದ್ರವ್ಯಕ್ಕಾಗಿ ಹಿಸುಕುವ ಲೋಹದ ಕೊಳವೆಗೆ ಪೇಟೆಂಟು ಪಡೆದನು. ಮುಂದೆ ಹಲ್ಲಿನ ಲೇಪವೂ ಮುಖಲೇಪವೂ ಅದರೊಳಗೆ ಸೇರಿದುವು. ಎಣ್ಣೆ ಗಾಜಿನ ಬಾಟಲಿಯಲ್ಲಿ ಬಂದಿತು, ಪೌಡರು ತಗಡಿನ ಡಬ್ಬಿಯಲ್ಲಿ ಬಂದಿತು. ಇವು ಒಡವೆಗಳಲ್ಲದಿದ್ದರೂ ನಿರುಪಯುಕ್ತವಾಗಿರಲಿಲ್ಲ. ಡಬ್ಬಿ ಅಡುಗೆಮನೆ ಸೇರುತ್ತಿತ್ತು; ಬಾಟಲಿ ಗುಜರಿಯವನ ಚೀಲ ಸೇರುತ್ತಿತ್ತು.

1933ರಲ್ಲಿ ಇಂಗ್ಲೆಂಡಿನ ಪ್ರಯೋಗಶಾಲೆಯೊಂದರಲ್ಲಿ ಪಾಲಿಥಿಲೀನ್ ಆಕಸ್ಮಿಕವಾಗಿ ಕೈಗೆ ಬಂದಿತು. ಎರಡನೆಯ ಮಹಾಯುದ್ಧದ ತರುವಾಯ ಪ್ರಸಾಧನ ಉದ್ಯಮವು ಪ್ಲಾಸ್ಟಿಕ್ಕನ್ನು ಬರಮಾಡಿಕೊಂಡಿತು. ಅದು ಒಡೆಯದು, ಹಗುರ, ಸಾಗಣೆಯ ವೆಚ್ಚ ಕಡಿಮೆ. ಈ ಗುಣಗಳನ್ನು ಅಲ್ಲಗಳೆಯುವುದು ನ್ಯಾಯವಲ್ಲ. ಗಾಜನ್ನು ಕರಗಿಸಲು ಸುಮಾರು 1500 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಅದರ ಭಾರವನ್ನು ಹೊರುವ ಲಾರಿಗೆ ಹೆಚ್ಚು ಇಂಧನ ಬೇಕು. ಒಮ್ಮೆ ಬಳಸಿ ಎಸೆಯುವ ಗಾಜು ಪ್ಲಾಸ್ಟಿಕ್ಕಿಗಿಂತ ಪರಿಶುದ್ಧವೆಂದು ಹೇಳುವಂತಿಲ್ಲ. ಗಾಜಿನ ಮೇಲ್ಮೆ ಅದು ಮರಳಿ ತುಂಬಿಕೊಳ್ಳುವುದರಲ್ಲಿದೆ.

ಸಮಸ್ಯೆಯು ತನ್ನ ಅತ್ಯಂತ ಕಠಿಣ ರೂಪವನ್ನು ತಾಳಿದುದು ಭಾರತದಲ್ಲಿ, ಶಾಂಪೂವಿನ ಸ್ಯಾಷೆಯಲ್ಲಿ. ತಮಿಳುನಾಡಿನ ಕಡಲೂರಿನ ಚಿನ್ನಿಕೃಷ್ಣನ್ ಅವರು ಸಿರಿವಂತರು ಬಳಸುವ ವಸ್ತು ಕೂಲಿಗಾರನಿಗೂ ದೊರೆಯಬೇಕೆಂಬ ಆಶಯದಿಂದ ಪದಾರ್ಥಗಳನ್ನು ಚಿಕ್ಕ ಪೊಟ್ಟಣಗಳಲ್ಲಿ ತುಂಬಿದರು. ಅವರ ಮಗ ಸಿ. ಕೆ. ರಂಗನಾಥನ್ 1983ರಲ್ಲಿ ‘ಚಿಕ್’ ಶಾಂಪೂವನ್ನು ಆರಂಭಿಸಿ ಅದನ್ನು ಹಳ್ಳಿಹಳ್ಳಿಗೆ ಮುಟ್ಟಿಸಿದರು. ದಿನಗೂಲಿಯಿಂದ ಬದುಕುವವನು ತಿಂಗಳ ಶಾಂಪೂವಿಗೆ ಒಮ್ಮೆಲೇ ಹಣ ತೊಡಗಿಸಲಾರ. ಇಂದಿನ ಕೂಲಿಯಲ್ಲಿ ಇಂದಿನ ಸ್ನಾನಕ್ಕೆ ಬೇಕಾದಷ್ಟನ್ನೇ ಕೊಳ್ಳಬಲ್ಲ. ಸ್ಯಾಷೆಯು ಅವನ ಆದಾಯದ ಅಳತೆಗೆ ಹೊಲಿದ ಅಂಗಿಯಂತಿತ್ತು. ಇದರ ಸಾಮಾಜಿಕ ಪ್ರಯೋಜನವನ್ನು ಮರೆತು ಬಡವನನ್ನು ದೂಷಿಸುವುದು ಸಲ್ಲದು.

ಆದರೆ ಅಳತೆ ಚಿಕ್ಕದಾದಂತೆ ಹೊದಿಕೆಯ ಪಾಲು ಹಿಗ್ಗುತ್ತದೆ. ಒಂದು ಪಾತ್ರೆಯ ಉದ್ದ, ಅಗಲ, ಎತ್ತರಗಳನ್ನು ಅರ್ಧಕ್ಕಿಳಿಸಿದರೆ ಒಳಗಿನ ಪದಾರ್ಥ ಎಂಟನೆಯ ಒಂದು ಭಾಗವಾಗುತ್ತದೆ. ಹೊರಮೈ ಮಾತ್ರ ನಾಲ್ಕನೆಯ ಒಂದು ಭಾಗವಾಗಿ ಉಳಿಯುತ್ತದೆ. ಎಂದರೆ ಅಷ್ಟೇ ಪದಾರ್ಥಕ್ಕೆ ಬೇಕಾಗುವ ಹೊರಮೈ ಇಮ್ಮಡಿ. ಅದೂ ಅಲ್ಲದೆ ಸ್ಯಾಷೆಯ ತೆಳುಹಾಳೆ ಒಂದೇ ವಸ್ತುವಿನಿಂದಾದುದಲ್ಲ. ಅಕ್ಷರ ಮತ್ತು ಚಿತ್ರಗಳಿಗಾಗಿ ಹೊರಗೆ ಪಾಲಿಯೆಸ್ಟರ್, ಸುಗಂಧವೂ ತೇವವೂ ಹಾರಿಹೋಗದಂತೆ ನಡುವೆ ಲೋಹದ ಪದರ, ಬಿಸಿಯಿಂದ ಅಂಚುಗಳನ್ನು ಬೆಸೆಯಲು ಒಳಗೆ ಪಾಲಿಥಿಲೀನ್ ಎಂಬ ಜೋಡಣೆಯೇ ಸಾಮಾನ್ಯವಾಗಿ ರೂಢಿಯಲ್ಲಿದೆ. ಇವನ್ನು ಬಿಡಿಸುವ ಖರ್ಚು ಬಿಡಿಸಿ ಬಂದುದರ ಬೆಲೆಗಿಂತ ಹೆಚ್ಚು.

ಪುಣೆಯಲ್ಲಿ 1993ರಲ್ಲಿ ಚಿಂದಿ ಆಯುವವರು ಕಟ್ಟಿಕೊಂಡ ಸಂಘದ ಹೆಸರು ಕಾಗದ್ ಕಾಚ್ ಪತ್ರಾ ಕಷ್ಟಕರಿ ಪಂಚಾಯತ್. ಕಾಗದ, ಗಾಜು, ತಗಡು ಎಂಬ ಮೂರು ಪದಗಳಲ್ಲಿ ಗುಜರಿ ವ್ಯಾಪಾರದ ಅರ್ಥಶಾಸ್ತ್ರವೇ ಅಡಗಿದೆ: ಯಾವುದಕ್ಕೆ ತೂಕವೂ ಬೆಲೆಯೂ ಇದೆಯೋ ಅದು ಕಸದಿಂದ ಮೇಲೇಳುತ್ತದೆ. ಮುಂಬಯಿಯ ಧಾರಾವಿಯಲ್ಲಿ ಗಡಸು ಪ್ಲಾಸ್ಟಿಕ್ಕನ್ನು ಜಾತಿವಾರು ವಿಂಗಡಿಸಿ, ಪುಡಿಮಾಡಿ, ಕರಗಿಸಿ ಮತ್ತೆ ಕಾರ್ಖಾನೆಗೆ ಮಾರುವ ಉದ್ಯಮ ನಡೆಯುತ್ತಿರುವುದೂ ಇದೇ ನ್ಯಾಯದಿಂದ. ಸ್ಯಾಷೆಗಾದರೋ ತೂಕವೂ ಇಲ್ಲ, ಬೆಲೆಯೂ ಇಲ್ಲ. ಒಂದು ಕಿಲೋ ಆಗಬೇಕಾದರೆ ಎಷ್ಟು ಬಾರಿ ಬೆನ್ನು ಬಗ್ಗಿಸಬೇಕೆಂಬುದನ್ನು ಆಯುವವಳೇ ಬಲ್ಲಳು. ಅಷ್ಟು ಬಗ್ಗಿದರೂ ಕೊಳ್ಳುವವನಿಲ್ಲ. ಚರಂಡಿ ಕಟ್ಟಿ ನೀರು ನುಗ್ಗುವುದು ಬಹುಮಟ್ಟಿಗೆ ಅವಳ ಗುಡಿಸಿಲಿಗೇ.

ಇಲ್ಲಿ ಒಂದು ಪ್ರಸಂಗವು ಗಮನಾರ್ಹವಾಗಿದೆ. ‘ಚಿಕ್’ ಶಾಂಪೂವಿನವರು ತಮ್ಮ ಆರಂಭದ ವರ್ಷಗಳಲ್ಲಿ ಐದು ಖಾಲಿ ಸ್ಯಾಷೆಗಳನ್ನು ತಂದವರಿಗೆ ತುಂಬಿದ ಒಂದನ್ನು ಉಚಿತವಾಗಿ ಕೊಟ್ಟರು. ಅದರ ಉದ್ದೇಶ ಮಾರಾಟವೇ ಹೊರತು ಪರಿಸರವಲ್ಲ. ಆದರೂ ಖಾಲಿ ಸ್ಯಾಷೆಗೆ ಬೆಲೆ ಕಟ್ಟಿದೊಡನೆ ಅದು ಅಂಗಡಿಗೆ ಮರಳಿತು ಎಂಬುದು ಅರ್ಥಗರ್ಭಿತವಾಗಿದೆ. 2022ರಲ್ಲಿ ನೀಲಗಿರಿ ಜಿಲ್ಲೆಯಲ್ಲಿ ಮದ್ಯದ ಬಾಟಲಿಗೆ 10 ರೂಪಾಯಿ ಠೇವಣಿ ವಿಧಿಸಿದಾಗಲೂ ಕಾಡಿನಲ್ಲಿ ಒಡೆದು ಬೀಳುತ್ತಿದ್ದ ಬಾಟಲಿಗಳು ಅಂಗಡಿಗೆ ಹಿಂದಿರುಗತೊಡಗಿದುವು.

ಕಾನೂನು ಈ ಹೊಣೆಯನ್ನು ಈಗ ಉತ್ಪಾದಕರ ಮೇಲೆ ಹೊರಿಸಿದೆ. ಕೇಂದ್ರ ಸರ್ಕಾರವು 2022ರ ಫೆಬ್ರವರಿಯಲ್ಲಿ ಹೊರಡಿಸಿದ ಮಾರ್ಗಸೂಚಿಗಳು ಪ್ಲಾಸ್ಟಿಕ್ ಹೊದಿಕೆಗಳನ್ನು ನಾಲ್ಕು ವರ್ಗಗಳಾಗಿ ವಿಂಗಡಿಸಿ, ಪ್ಲಾಸ್ಟಿಕ್ಕಿನೊಡನೆ ಬೇರೆ ವಸ್ತುವೂ ಬೆರೆತ ಬಹುಪದರದ ಹೊದಿಕೆಯನ್ನು ಮೂರನೆಯ ವರ್ಗದಲ್ಲಿಟ್ಟುವು. ಇದರಲ್ಲಿ 2024-25ರಲ್ಲಿ ಕನಿಷ್ಠ ಶೇಕಡ 30ರಷ್ಟನ್ನು, 2027-28ರ ವೇಳೆಗೆ ಶೇಕಡ 60ರಷ್ಟನ್ನು ಸಂಸ್ಕರಿಸಿ ಮತ್ತೆ ಕಚ್ಚಾವಸ್ತುವಾಗಿಸಬೇಕೆಂದು ನಿಗದಿಯಾಯಿತು. ಐರೋಪ್ಯ ಒಕ್ಕೂಟದ 2025ರ ನಿಯಮವು 2030ರಿಂದ ಹೋಟೆಲುಗಳಲ್ಲಿ ಒಮ್ಮೆ ಬಳಸುವ ಪುಟ್ಟ ಶಾಂಪೂ ಬಾಟಲಿಗಳನ್ನು ನಿಷೇಧಿಸುತ್ತದೆ.

ಪರಿಹಾರದ ಮಾರ್ಗಗಳು ಮೂರು. ಮೊದಲನೆಯದು, ಹೊದಿಕೆಯನ್ನು ಒಂದೇ ಜಾತಿಯ ಪ್ಲಾಸ್ಟಿಕ್ಕಿನಿಂದ ಮಾಡುವುದು. ಆಗ ಅದು ಕರಗಿಸಲು ಅರ್ಹವಾಗುತ್ತದೆ, ಆಯುವವಳಿಗೂ ಕಾಸು ಸಿಗಬಹುದು. ಎರಡನೆಯದು, ಮರುಭರ್ತಿ. 1976ರಲ್ಲಿ ಇಂಗ್ಲೆಂಡಿನ ಬ್ರೈಟನ್ನಿನಲ್ಲಿ ಅನಿತಾ ರಾಡಿಕ್ ‘ಬಾಡಿ ಶಾಪ್’ ತೆರೆದಾಗ ಬಾಟಲಿಗೆ ಹಣ ಸಾಲದೆ ಗಿರಾಕಿಗಳ ಬಾಟಲಿಗಳನ್ನೇ ತುಂಬಿಕೊಟ್ಟಳು; ಬಡತನದ ಉಪಾಯವೇ ಮುಂದೆ ಆದರ್ಶವೆನಿಸಿತು. ಆದರೆ ನೀರು ಬೆರೆತ ಪದಾರ್ಥಗಳಲ್ಲಿ ಸೂಕ್ಷ್ಮಜೀವಿಗಳು ಬೆಳೆಯುವುದರಿಂದ ಪಾತ್ರೆಯ ಶುಚಿತ್ವವನ್ನು ಅಂಗಡಿಯವನು ನೋಡಿಕೊಳ್ಳಬೇಕಾಗುತ್ತದೆ. ಮೂರನೆಯದು, ನೀರನ್ನೇ ಬಿಡುವುದು. ಶಾಂಪೂವಿನ ಬಹುಭಾಗ ನೀರು. ನೀರು ತೆಗೆದರೆ ಅದು ಬಿಲ್ಲೆಯೋ ಪುಡಿಯೋ ಆಗಿ ಕಾಗದದಲ್ಲಿ ಬರಬಲ್ಲದು. ಸೀಗೆಪುಡಿಯ ಪೊಟ್ಟಣ ಈ ದಾರಿಯಲ್ಲಿ ಎಂದೋ ನಡೆದಿತ್ತು. ಚಿಲ್ಲರೆ ಹಣಕ್ಕೆ ಚಿಲ್ಲರೆ ಪದಾರ್ಥವೆಂಬ ಕೂಲಿಗಾರನ ಅನುಕೂಲಕ್ಕೂ ಅದರಿಂದ ಭಂಗವಿರಲಿಲ್ಲ.

ಯಾವ ವ್ಯಾಪಾರದಲ್ಲಿಯೂ ಜಮೆಯಷ್ಟನ್ನೇ ಬರೆದು ಬಾಕಿಯನ್ನು ಬಿಟ್ಟರೆ ಲೆಕ್ಕ ಲಾಭವನ್ನೇ ತೋರಿಸುತ್ತದೆ. ಸ್ಯಾಷೆಯ ಅಗ್ಗದ ಬೆಲೆ ಅಂತಹ ಲೆಕ್ಕ. ಅದರಲ್ಲಿ ಬರೆಯದೆ ಬಿಟ್ಟ ಬಾಕಿಯನ್ನು ಇಷ್ಟು ದಿನ ತೀರಿಸುತ್ತ ಬಂದವರು ಚರಂಡಿಯ ಅಂಚಿನಲ್ಲಿ ವಾಸಿಸುವವರು. ಆ ಬಾಕಿಯನ್ನು ತಯಾರಕರ ಪುಸ್ತಕದಲ್ಲಿಯೇ ಬರೆಯುವಂತಾದ ದಿನ, ಕರಡಿಗೆ ಬರಿದಾದ ಮೇಲೂ ಅದಕ್ಕೊಂದು ಬೆಲೆ ಬರುತ್ತದೆ.