ಶುಶ್ರೂಷೆ ಮತ್ತು ಸಂಭಾಷಣೆ

ರೋಗಿಯ ಆರೈಕೆಗೆ ಕನ್ನಡದಲ್ಲಿ ಬಳಕೆಯಾಗುವ ‘ಶುಶ್ರೂಷೆ’ ಎಂಬ ಶಬ್ದವು ಸಂಸ್ಕೃತದ ‘ಶ್ರು’ ಧಾತುವಿನ ಇಚ್ಛಾರ್ಥಕ ರೂಪದಿಂದ ನಿಷ್ಪನ್ನವಾದುದು. ಅದರ ಮೂಲಾರ್ಥ ‘ಕೇಳುವ ಬಯಕೆ’. ಸೇವೆ, ಉಪಚಾರ ಎಂಬ ಅರ್ಥಗಳು ಅದರಿಂದ ಬೆಳೆದವು. ಚರಕಸಂಹಿತೆಯು ವೈದ್ಯ, ಔಷಧ, ಪರಿಚಾರಕ, ರೋಗಿ ಎಂಬಿವನ್ನು ಚಿಕಿತ್ಸೆಯ ನಾಲ್ಕು ಪಾದಗಳೆಂದು ಎಣಿಸಿ, ಪರಿಚಾರಕನಲ್ಲಿ ಉಪಚಾರಜ್ಞಾನ, ದಕ್ಷತೆ, ಅನುರಾಗ, ಶುಚಿತ್ವಗಳಿರಬೇಕೆನ್ನುತ್ತದೆ. ರೋಗಿಗೆ ಹೇಳಿದ ಗುಣಗಳಲ್ಲಿ ತನ್ನ ವ್ಯಾಧಿಯನ್ನು ವಿವರಿಸಬಲ್ಲ ಶಕ್ತಿಯೂ ಒಂದು. ಹೇಳುವವನಿದ್ದ ಮೇಲೆ ಕೇಳುವವರೂ ಇರಬೇಕಷ್ಟೆ. ಹಾಗಾದರೆ ಕೇಳುವ ಬಯಕೆಯಿಂದಲೇ ಈ ವೃತ್ತಿಗೆ ಬಂದವರಲ್ಲಿ ಅದು ಕಾಲಕ್ರಮದಲ್ಲಿ ಕುಂದುವುದೇಕೆ? ದೋಷ ವ್ಯಕ್ತಿಯದೋ, ವ್ಯವಸ್ಥೆಯದೋ? ಪ್ರಕೃತ ಲೇಖನದಲ್ಲಿ ಈ ಪ್ರಶ್ನೆಯನ್ನು ವಿವೇಚಿಸಲಾಗಿದೆ.

ಆಧುನಿಕ ಶುಶ್ರೂಷಾವೃತ್ತಿಗೆ ತಳಹದಿ ಹಾಕಿದ ಫ್ಲಾರೆನ್ಸ್ ನೈಟಿಂಗೇಲರು 1859ರ ‘ನೋಟ್ಸ್ ಆನ್ ನರ್ಸಿಂಗ್’ ಗ್ರಂಥದಲ್ಲಿ ಮಾತಿನ ವಿಷಯಕ್ಕೆ ಗಣನೀಯ ಸ್ಥಾನವನ್ನು ಕೊಟ್ಟಿದ್ದಾರೆ. ರೋಗಿಯ ಕೋಣೆಯಲ್ಲಿ ಪಿಸುಗುಟ್ಟುವುದು ಅವರ ದೃಷ್ಟಿಯಲ್ಲಿ ಕ್ರೌರ್ಯವೇ ಸರಿ. ರೋಗಿಯು ಕತ್ತು ಹೊರಳಿಸದೆ ನೋಡುವಂತೆ ಕುಳಿತು ಮಾತನಾಡಬೇಕೆಂದು ಅವರು ವಿಧಿಸಿದರು. ಪೊಳ್ಳು ಭರವಸೆಯ ಮಾತುಗಳನ್ನು ಖಂಡಿಸಲು ಒಂದು ಅಧ್ಯಾಯವನ್ನೇ ಮೀಸಲಿಟ್ಟರು. 1952ರಲ್ಲಿ ಅಮೆರಿಕದ ಹಿಲ್ಡೆಗಾರ್ಡ್ ಪೆಪ್ಲೋ ಅವರು ದಾದಿಗೂ ರೋಗಿಗೂ ನಡುವಣ ಸಂಬಂಧವೇ ಚಿಕಿತ್ಸೆಯ ಅಂಗವೆಂದೂ, ತನ್ನ ವರ್ತನೆಯನ್ನು ತಾನು ಅರಿತ ದಾದಿ ಮಾತ್ರ ಪರರ ಕಷ್ಟವನ್ನು ಗುರುತಿಸಲು ನೆರವಾಗಬಲ್ಲಳೆಂದೂ ಪ್ರತಿಪಾದಿಸಿದರು. ಇಬ್ಬರ ಉಪದೇಶವೂ ಮುಖ್ಯವಾಗಿ ವ್ಯಕ್ತಿಯನ್ನು ಕುರಿತದ್ದು.

ವ್ಯವಸ್ಥೆಯ ಕಡೆಗೆ ದೃಷ್ಟಿಯನ್ನು ತಿರುಗಿಸಿದವರು ಲಂಡನ್ನಿನ ಟ್ಯಾವಿಸ್ಟಾಕ್ ಸಂಸ್ಥೆಯ ಮನೋವಿಶ್ಲೇಷಕಿ ಇಸಬೆಲ್ ಮೆನ್ಜೀಸ್. ಒಂದು ಬೋಧನಾಸ್ಪತ್ರೆಯ ಕೋರಿಕೆಯ ಮೇರೆಗೆ ನಡೆಸಿದ ಅಧ್ಯಯನವನ್ನು ಅವರು 1960ರಲ್ಲಿ ಪ್ರಕಟಿಸಿದರು. ಅಲ್ಲಿ ಶುಶ್ರೂಷಾ ವಿದ್ಯಾರ್ಥಿನಿಯರಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಶಿಕ್ಷಣವನ್ನು ಪೂರೈಸದೆ ಬಿಟ್ಟುಹೋಗುತ್ತಿದ್ದರು. ಯಾವ ವಿದ್ಯಾರ್ಥಿನಿಯೂ ಒಬ್ಬ ರೋಗಿಯನ್ನು ಪೂರ್ತಿಯಾಗಿ ನೋಡಿಕೊಳ್ಳುತ್ತಿರಲಿಲ್ಲ. ಹಲವರಿಗೆ ಕೆಲವೇ ಕೆಲಸಗಳನ್ನು ಮಾಡಿ ಮುಂದೆ ಸಾಗುತ್ತಿದ್ದಳು. ರೋಗಿಯನ್ನು ಹೆಸರಿನಿಂದ ಕರೆಯದೆ ಹಾಸಿಗೆಯ ಸಂಖ್ಯೆಯೊಡನೆ ಅಂಗದ ಅಥವಾ ರೋಗದ ಹೆಸರಿನಿಂದ ಸೂಚಿಸುವ ವಾಡಿಕೆಯಿತ್ತು. ವೈದ್ಯರು ಬರುವುದಕ್ಕೆ ಮುಂಚೆ ಮುಖ ತೊಳೆಸಬೇಕೆಂಬ ಕಾರಣಕ್ಕೆ ಗಾಢನಿದ್ರೆಯಲ್ಲಿದ್ದವರನ್ನು ಎಬ್ಬಿಸುತ್ತಿದ್ದರು. ಮಲಗಿರಲಿ ಎಂದು ಮನಸ್ಸಿಗೆ ತೋರಿದರೂ ಹಾಗೆ ಬಿಡುವ ಸ್ವಾತಂತ್ರ್ಯವಿರಲಿಲ್ಲ.

ಇವೆಲ್ಲವೂ ಕೇವಲ ಅನುಕೂಲದ ಏರ್ಪಾಡುಗಳಲ್ಲ ಎಂಬುದೇ ಮೆನ್ಜೀಸರ ಮುಖ್ಯ ವಾದ. ನೋವು, ದುರ್ಗಂಧ, ಮರಣಗಳ ಸನ್ನಿಧಿಯಲ್ಲಿ ದಿನವೂ ನಿಲ್ಲುವವರ ಮನಸ್ಸಿನಲ್ಲಿ ತೀವ್ರ ಕಳವಳ ಹುಟ್ಟುತ್ತದೆ. ಅದನ್ನು ಕಾಣದಂತೆ ಮರೆಮಾಡಲು ಸಂಸ್ಥೆಯೇ ತನ್ನ ಪದ್ಧತಿಗಳನ್ನು ಗೋಡೆಯಂತೆ ಕಟ್ಟಿಕೊಳ್ಳುತ್ತದೆ. ಆದರೆ ಮರೆಮಾಡಿದ ಕಳವಳ ಶಮನವಾಗುವುದಿಲ್ಲ. ಮೇಲಾಗಿ, ತಾನು ನೋಡಿಕೊಂಡ ರೋಗಿ ಗುಣಮುಖನಾದನೆಂಬ ತೃಪ್ತಿಯೂ ಆ ಗೋಡೆಯಿಂದಾಗಿಯೇ ದಾದಿಗೆ ದಕ್ಕದೆ ಹೋಗುತ್ತದೆ. ಬಿಟ್ಟುಹೋದವರಲ್ಲಿ ಈ ವೃತ್ತಿಗೆ ತಕ್ಕ ಪ್ರೌಢಿಮೆಯುಳ್ಳವರೂ ಇದ್ದರೆಂಬುದು ವಿಚಾರಾರ್ಹವಾದ ಸಂಗತಿ.

ಮುಂದಿನ ಚಿಂತನೆಯೂ ಇದೇ ದಿಕ್ಕಿನಲ್ಲಿ ಸಾಗಿದೆ. ವೃತ್ತಿಗಾಗಿ ತನ್ನ ಭಾವಗಳನ್ನು ಹದಗೊಳಿಸಿಕೊಳ್ಳುವುದೂ ಒಂದು ದುಡಿಮೆಯೆಂದು ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಷೀಲ್ಡ್ 1983ರಲ್ಲಿ ತೋರಿಸಿದರು. ಇದನ್ನು ಭಾವಶ್ರಮವೆನ್ನಬಹುದು. ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣದ 2022ರಿಂದ ಜಾರಿಯಲ್ಲಿರುವ ಹನ್ನೊಂದನೆಯ ಪರಿಷ್ಕರಣವು ವೃತ್ತಿಯ ಬಳಲಿಕೆಯನ್ನು ರೋಗವೆಂದು ಗಣಿಸದೆ, ಉದ್ಯೋಗಸ್ಥಳದ ದೀರ್ಘಕಾಲದ ಒತ್ತಡದ ಫಲವೆಂದು ನಿರೂಪಿಸಿದೆ.

ಕರ್ನಾಟಕದಲ್ಲಿ ಈ ಸಮಸ್ಯೆಗೆ ಭಾಷೆಯ ಮುಖವೂ ಉಂಟು. ದಾದಿಯ ಶಿಕ್ಷಣ ಇಂಗ್ಲಿಷಿನಲ್ಲಿ ನಡೆದಿರುತ್ತದೆ. ಅನೇಕ ವೇಳೆ ಆಕೆಯ ಮನೆಮಾತು ಮಲೆಯಾಳ, ರೋಗಿಯದು ಕನ್ನಡ ಅಥವಾ ತುಳು. ಹಳ್ಳಿಯಿಂದ ಬಂದ ರೋಗಿಯು ಹೇಳುವ ಉರಿ, ಸೆಳೆತ, ಚಳುಕು, ಜೋಮು ಇವು ಬೇರೆ ಬೇರೆ ಅನುಭವಗಳು. ಇವೆಲ್ಲವನ್ನೂ ‘ನೋವು’ ಎಂಬ ಒಂದೇ ಮಾತಿನಲ್ಲಿ ಬರೆದುಕೊಂಡರೆ ವೈದ್ಯನಿಗೆ ತಲುಪಬೇಕಾದ ಸೂಚನೆಯೇ ಕಳೆದುಹೋಗಬಹುದು. ವ್ಯತ್ಯಾಸವನ್ನು ಕೇಳಿ ತಿಳಿಯಲು ಭಾಷೆಯ ಅಭ್ಯಾಸ ಬೇಕು, ಬಿಡುವೂ ಬೇಕು. ಅಭ್ಯಾಸ ದಾದಿಯ ಕೈಯಲ್ಲಿದೆ. ಬಿಡುವು ಆಕೆಯ ಕೈಯಲ್ಲಿಲ್ಲ.

ಆದುದರಿಂದ ಸಂಭಾಷಣಾಕೌಶಲವನ್ನು ಪಠ್ಯಕ್ರಮದಲ್ಲಿ ಸೇರಿಸಿದ ಮಾತ್ರಕ್ಕೆ ಕರ್ತವ್ಯ ಮುಗಿಯುವುದಿಲ್ಲ. ಒಬ್ಬ ದಾದಿಗೆ ಕೆಲವು ರೋಗಿಗಳ ಪೂರ್ಣ ಹೊಣೆ, ಪಾಳಿ ಬದಲಾಗುವಾಗ ವಿಷಯ ಒಪ್ಪಿಸಲು ಸಾಕಷ್ಟು ಸಮಯ, ಕಿರಿಯರು ತಮ್ಮ ಸಂದೇಹವನ್ನು ನಿರ್ಭಯವಾಗಿ ಹೇಳಬಹುದಾದ ವಾತಾವರಣ ಇವು ಅವಶ್ಯಕ. ಬಾಸ್ಟನ್ನಿನಲ್ಲಿ 1995ರಲ್ಲಿ ಸ್ಥಾಪಿತವಾದ ಷ್ವಾರ್ಟ್ಸ್ ಕೇಂದ್ರವು ರೂಪಿಸಿದ ಗೋಷ್ಠಿಗಳಲ್ಲಿ ವೈದ್ಯರು, ದಾದಿಯರು, ಇತರ ಸಿಬ್ಬಂದಿ ಒಂದೆಡೆ ಕುಳಿತು ಕೆಲಸವು ತಮ್ಮ ಮನಸ್ಸಿಗೆ ತಂದ ಭಾರವನ್ನು ಹಂಚಿಕೊಳ್ಳುತ್ತಾರೆ. ಇಂತಹ ಗೋಷ್ಠಿಗಳಿಗೆ ದೊಡ್ಡ ವೆಚ್ಚವೇನೂ ಬೇಕಿಲ್ಲ. ರೋಗಿಯ ಮಾತನ್ನು ಕೇಳಬೇಕಾದವಳ ಮಾತನ್ನು ಕೇಳುವವರೂ ಇದ್ದಲ್ಲಿ ಮಾತ್ರ ಶುಶ್ರೂಷೆಯು ತನ್ನ ಮೂಲಾರ್ಥವನ್ನು ಉಳಿಸಿಕೊಂಡೀತು.