ಅಂಗಡಿಯ ಗಣಕಯಂತ್ರಕ್ಕೆ ಯಾವ ಕಾರ್ಯಾಚರಣಾ ವ್ಯವಸ್ಥೆ?
ವಿಂಡೋಸ್, ಲಿನಕ್ಸ್, ಮ್ಯಾಕ್: ಸುರಕ್ಷತೆ ಹಾಗೂ ವಿಶ್ವಾಸಾರ್ಹತೆಯ ತುಲನೆ

ಒಂದು ಕಾಲಕ್ಕೆ ವರ್ತಕರ ಲೆಕ್ಕವೆಲ್ಲವೂ ಕಿರ್ದಿ ಹಾಗೂ ಖಾತೆ ಪುಸ್ತಕಗಳಲ್ಲಿದ್ದು, ಆ ಪುಸ್ತಕಗಳು ತಿಜೋರಿಯಲ್ಲಿರುತ್ತಿದ್ದವು. ಇಂದು ಅದೇ ಲೆಕ್ಕ ಮೇಜಿನ ಮೇಲಿನ ಗಣಕಯಂತ್ರದಲ್ಲಿದೆ. ಕೊಹಿನೂರದಲ್ಲಿ ಕಬ್ಬಿಣ, ಸಿಮೆಂಟಿನ ಅಂಗಡಿ ನಡೆಸುವವರಿರಲಿ, ಬಸವಕಲ್ಯಾಣದಲ್ಲಿ ಲಾರಿಗಳಿಗೆ ಬಾಡಿ ಕಟ್ಟುವವರಿರಲಿ, ಹುಮನಾಬಾದಿನ ಕೈಗಾರಿಕಾ ಪ್ರದೇಶದ ಸಣ್ಣ ಉತ್ಪಾದಕರಿರಲಿ, ಜಿ.ಎಸ್.ಟಿ. ವಿವರಪಟ್ಟಿ, ಇ-ವೇ ಬಿಲ್, ಬ್ಯಾಂಕ್ ವ್ಯವಹಾರ ಇವೆಲ್ಲಕ್ಕೂ ಆ ಯಂತ್ರವೇ ಆಧಾರ. ಯಂತ್ರ ನಿಂತರೆ ಮಾಲು ತುಂಬಿದ ಲಾರಿ ಬಾಗಿಲಲ್ಲೇ ನಿಲ್ಲುತ್ತದೆ. ಲೆಕ್ಕವೇ ಅಳಿಸಿಹೋದರೆ ಬರಬೇಕಾದ ಬಾಕಿಗೂ ದಾಖಲೆ ಉಳಿಯುವುದಿಲ್ಲ.

ಆ ಯಂತ್ರವನ್ನು ನಡೆಸುವ ಮೂಲ ತಂತ್ರಾಂಶವೇ ಆಪರೇಟಿಂಗ್ ಸಿಸ್ಟಂ, ಅಂದರೆ ಕಾರ್ಯಾಚರಣಾ ವ್ಯವಸ್ಥೆ. ಮೈಕ್ರೋಸಾಫ್ಟ್ ಸಂಸ್ಥೆಯ ವಿಂಡೋಸ್, ಆಪಲ್ ಸಂಸ್ಥೆಯ ಮ್ಯಾಕ್ ಮತ್ತು 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಆರಂಭಿಸಿದ ಮುಕ್ತ ತಂತ್ರಾಂಶವಾದ ಲಿನಕ್ಸ್ ಇವು ಪ್ರಮುಖವಾದವು. ಇವುಗಳಲ್ಲಿ ಯಾವುದು ಹೆಚ್ಚು ಸುರಕ್ಷಿತ ಎಂಬ ಪ್ರಶ್ನೆಗೆ ಬರಿಯ ಹೆಸರು ನೋಡಿ ಉತ್ತರಿಸಲಾಗದು.

ವಿಂಡೋಸ್: ಅವಧಿಯ ಪ್ರಶ್ನೆ

ಲಾರಿಗೆ ಫಿಟ್ನೆಸ್ ಪ್ರಮಾಣಪತ್ರದ ಅವಧಿ ಇರುವಂತೆ ಕಾರ್ಯಾಚರಣಾ ವ್ಯವಸ್ಥೆಗೂ ಒಂದು ಅವಧಿ ಉಂಟು. ಆ ಅವಧಿಯವರೆಗೆ ಮಾತ್ರ ತಯಾರಕರು ಅದರ ದೋಷಗಳನ್ನು ಸರಿಪಡಿಸಿ ಪರಿಷ್ಕರಣೆಗಳನ್ನು ಒದಗಿಸುತ್ತಾರೆ. ವಿಂಡೋಸ್ ಎಕ್ಸ್‌ಪಿಯ ಅವಧಿ 2014ರ ಏಪ್ರಿಲ್ 8ಕ್ಕೆ, ವಿಂಡೋಸ್ 7ರ ಅವಧಿ 2020ರ ಜನವರಿ 14ಕ್ಕೆ, ವಿಂಡೋಸ್ 10ರ ಅವಧಿ 2025ರ ಅಕ್ಟೋಬರ್ 14ಕ್ಕೆ ಮುಗಿದವು. ವಿಂಡೋಸ್ 10ಕ್ಕೆ ಪ್ರತ್ಯೇಕವಾಗಿ ನೋಂದಾಯಿಸಿಕೊಂಡ ಯಂತ್ರಗಳಿಗೆ ಮಾತ್ರ ಸೀಮಿತ ಕಾಲದವರೆಗೆ ಸುರಕ್ಷತಾ ಪರಿಷ್ಕರಣೆ ದೊರೆಯುವ ಏರ್ಪಾಡಾಗಿದೆ. ಅವಧಿ ಮುಗಿದ ದಿನ ಯಂತ್ರವೇನೂ ನಿಲ್ಲುವುದಿಲ್ಲ, ಎಂದಿನಂತೆಯೇ ನಡೆಯುತ್ತದೆ. ಅಪಾಯ ಕಣ್ಣಿಗೆ ಬೀಳದಿರುವುದು ಈ ಕಾರಣದಿಂದಲೇ.

ಅಪಾಯ ಎಂಥದೆಂಬುದನ್ನು 2017 ತೋರಿಸಿಕೊಟ್ಟಿತು. ಆ ವರ್ಷದ ಮೇ 12ರಂದು ಹಬ್ಬಿದ ‘ವನ್ನಾಕ್ರೈ’ ಎಂಬ ದುಷ್ಟ ತಂತ್ರಾಂಶವು ಸುಮಾರು 150 ದೇಶಗಳಲ್ಲಿ 2 ಲಕ್ಷಕ್ಕೂ ಹೆಚ್ಚು ಯಂತ್ರಗಳ ಕಡತಗಳಿಗೆ ಬೀಗ ಜಡಿದು, ಬಿಡಿಸಲು ಹಣ ಕೇಳಿತು. ಅದು ಬಳಸಿದ ವಿಂಡೋಸ್ ದೋಷಕ್ಕೆ ಮೈಕ್ರೋಸಾಫ್ಟ್ ಮಾರ್ಚ್ ತಿಂಗಳಲ್ಲಿಯೇ ಪರಿಷ್ಕರಣೆ ನೀಡಿತ್ತು. ಅದನ್ನು ಅಳವಡಿಸಿಕೊಂಡವರಿಗೆ ಆ ದಾರಿ ಮುಚ್ಚಿತ್ತು. ಎರಡು ತಿಂಗಳು ಅಲಕ್ಷಿಸಿದವರು ಸಿಕ್ಕಿಬಿದ್ದರು.

ಅದೇ ವರ್ಷದ ಜೂನ್ 27ರಂದು ಕಾಣಿಸಿಕೊಂಡ ‘ನಾಟ್‌ಪೆಟ್ಯಾ’ ಲೆಕ್ಕಪತ್ರ ಬರೆಯುವವರೆಲ್ಲರೂ ಗಮನಿಸಬೇಕಾದ ಪ್ರಕರಣ. ಉಕ್ರೇನ್ ದೇಶದ ಲೆಕ್ಕಪತ್ರ ತಂತ್ರಾಂಶವೊಂದರ ಪರಿಷ್ಕರಣೆಯ ಮೂಲಕವೇ ಅದು ವಿಂಡೋಸ್ ಯಂತ್ರಗಳನ್ನು ಹೊಕ್ಕಿತು. ಅದರ ಪೆಟ್ಟು ಮುಂಬಯಿ ಬಳಿಯ ನ್ಹಾವಾ ಶೇವಾ ಬಂದರಿನ ಒಂದು ಟರ್ಮಿನಲ್‌ವರೆಗೂ ತಟ್ಟಿ, ಕಂಟೇನರ್‌ಗಳ ಸಾಗಣೆಗೆ ಅಡ್ಡಿಯಾಯಿತು.

ಲಿನಕ್ಸ್ ಮತ್ತು ಮ್ಯಾಕ್

ಲಿನಕ್ಸ್‌ನಲ್ಲಿ ದಿನನಿತ್ಯದ ಬಳಕೆದಾರರಿಗೂ ಆಡಳಿತಾಧಿಕಾರಕ್ಕೂ ಮೊದಲಿನಿಂದಲೂ ಸ್ಪಷ್ಟ ಅಂತರವಿದೆ. ತಂತ್ರಾಂಶಗಳು ಬಹುಪಾಲು ಪರಿಶೀಲಿತ ಭಂಡಾರದಿಂದಲೇ ಬರುತ್ತವೆ. ಮೇಜಿನ ಯಂತ್ರಗಳಲ್ಲಿ ಅದರ ಬಳಕೆ ಕಡಿಮೆಯಾದ್ದರಿಂದ ದುಷ್ಕರ್ಮಿಗಳ ಕಣ್ಣೂ ಅದರ ಮೇಲೆ ಕಡಿಮೆ. ಆದರೆ ಲಿನಕ್ಸ್‌ಗೆ ಬಾಧೆಯೇ ಇಲ್ಲವೆಂಬ ನಂಬಿಕೆ ಸರಿಯಲ್ಲ. 2014ರಲ್ಲಿ ‘ಶೆಲ್‌ಶಾಕ್’ ಎಂಬ ಗಂಭೀರ ದೋಷ ಬಯಲಾಯಿತು. 2024ರ ಮಾರ್ಚ್‌ನಲ್ಲಿ ‘ಎಕ್ಸ್‌ಝಡ್’ ಎಂಬ ಉಪಕರಣದಲ್ಲಿ ಯಾರೋ ಉದ್ದೇಶಪೂರ್ವಕವಾಗಿ ಇರಿಸಿದ್ದ ಕಳ್ಳಬಾಗಿಲು ಪತ್ತೆಯಾಯಿತು. ಅದು ವ್ಯಾಪಕವಾಗಿ ಹರಡುವ ಮೊದಲೇ ಓರ್ವ ತಂತ್ರಜ್ಞರು ಗುರುತಿಸಿದ್ದರಿಂದ ದೊಡ್ಡ ಅನಾಹುತ ತಪ್ಪಿತು. ಉಬುಂಟುವಿನ ದೀರ್ಘಾವಧಿ ಆವೃತ್ತಿಗಳಿಗೆ 5 ವರ್ಷಗಳ ಸಾಮಾನ್ಯ ಬೆಂಬಲವಿದ್ದು, ಅಲ್ಲಿಯೂ ಅವಧಿಯ ಲೆಕ್ಕ ತಪ್ಪಿದ್ದಲ್ಲ. ನಮ್ಮ ದೇಶದ ಸಿ-ಡ್ಯಾಕ್ ಸಂಸ್ಥೆ ಸಿದ್ಧಪಡಿಸಿದ ‘ಬಾಸ್’ ಕೂಡ ಲಿನಕ್ಸ್ ಆಧಾರಿತವೇ.

ಮ್ಯಾಕ್ ಯುನಿಕ್ಸ್ ಬುನಾದಿಯ ಮೇಲೆ ನಿಂತಿದ್ದು, ಯಂತ್ರ ಮತ್ತು ತಂತ್ರಾಂಶ ಎರಡೂ ಒಂದೇ ಸಂಸ್ಥೆಯವಾದ್ದರಿಂದ ಹೊಂದಾಣಿಕೆ ಉತ್ತಮ. ಆದರೆ ಬೆಲೆ ಹೆಚ್ಚು. ಅಧಿಕೃತ ದುರಸ್ತಿಗೆ ದೊಡ್ಡ ನಗರವನ್ನೇ ಅವಲಂಬಿಸಬೇಕಾದೀತು.

ವಿಶ್ವಾಸಾರ್ಹತೆ ಬೇರೆಯೇ ಮಾತು

ಕಳ್ಳರಿಂದ ರಕ್ಷಣೆ ಸುರಕ್ಷತೆಯಾದರೆ, ಬೇಕಾದ ಹೊತ್ತಿಗೆ ಕೆಲಸಕ್ಕೆ ಒದಗುವುದು ವಿಶ್ವಾಸಾರ್ಹತೆ. 2024ರ ಜುಲೈ 19ರಂದು ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಸ್ಥಗಿತಗೊಂಡು, ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸ್‌ಗಳನ್ನು ಕೈಯಿಂದ ಬರೆದುಕೊಡಬೇಕಾಯಿತು. ಕಾರಣ ವೈರಸ್ ಅಲ್ಲ. ಕ್ರೌಡ್‌ಸ್ಟ್ರೈಕ್ ಎಂಬ ಸುರಕ್ಷತಾ ತಂತ್ರಾಂಶದ ದೋಷಪೂರಿತ ಪರಿಷ್ಕರಣೆ. ಆ ಕಡತ ವಿಂಡೋಸ್‌ಗೆ ಮಾತ್ರ ಸಂಬಂಧಿಸಿದ್ದರಿಂದ ಲಿನಕ್ಸ್ ಮತ್ತು ಮ್ಯಾಕ್ ಯಂತ್ರಗಳಿಗೆ ತೊಂದರೆಯಾಗಲಿಲ್ಲ.

ವಿದ್ಯುತ್ ಹಠಾತ್ತನೆ ಹೋದಾಗಿನ ಸ್ಥಿತಿಯಲ್ಲಿ ಇಂದು ಮೂರರ ನಡುವೆ ಹೆಚ್ಚಿನ ಅಂತರವಿಲ್ಲ. ಹಳೆಯ ವಿಂಡೋಸ್ 98ರಲ್ಲಿ ಯಂತ್ರ ಮತ್ತೆ ಚಾಲೂ ಆಗುವಾಗ ಡಿಸ್ಕನ್ನೆಲ್ಲ ತಪಾಸಣೆ ಮಾಡಬೇಕಾಗುತ್ತಿತ್ತು. ಈಗಿನ ಕಡತ ವ್ಯವಸ್ಥೆಗಳು ತಮ್ಮ ರಚನೆಯನ್ನು ಬಹುಮಟ್ಟಿಗೆ ತಾವೇ ಸರಿಪಡಿಸಿಕೊಳ್ಳುತ್ತವೆ. ಆದರೂ ಬರೆಯುತ್ತಿದ್ದ ಲೆಕ್ಕದ ಕಡತ ಕೆಡುವ ಸಂಭವ ಇದ್ದೇ ಇರುವುದರಿಂದ ಯು.ಪಿ.ಎಸ್. ಅನಿವಾರ್ಯ.

ವರ್ತಕರ ಆಯ್ಕೆ

ಟ್ಯಾಲಿ ವಿಂಡೋಸ್‌ಗಾಗಿಯೇ ರೂಪಿತವಾದ ತಂತ್ರಾಂಶ. ಆದ್ದರಿಂದ ಅದರಲ್ಲಿ ಲೆಕ್ಕ ಬರೆಯುವ ಯಂತ್ರಕ್ಕೆ ಅವಧಿ ಚಾಲ್ತಿಯಲ್ಲಿರುವ, ಪರವಾನಗಿ ಪಡೆದ ವಿಂಡೋಸ್ ಸೂಕ್ತ. ಬೀಗ ಮುರಿದ ಪ್ರತಿಯನ್ನು ಅಗ್ಗವೆಂದು ಹಾಕಿಸಿಕೊಳ್ಳುವುದು ತಿಜೋರಿಯ ಕೀಲಿಯನ್ನು ಅಪರಿಚಿತರ ಕೈಗೆ ಕೊಟ್ಟಂತೆ. ಜಿ.ಎಸ್.ಟಿ. ಮತ್ತು ಇ-ವೇ ಬಿಲ್ ಜಾಲತಾಣಗಳಾದರೋ ಬ್ರೌಸರ್ ಇದ್ದರೆ ಮೂರರಲ್ಲಿಯೂ ತೆರೆಯುತ್ತವೆ. ಟಿ.ಪಿ.ಎಂ. 2.0 ಮುಂತಾದ ಅಗತ್ಯಗಳನ್ನು ಪೂರೈಸದೆ ವಿಂಡೋಸ್ 11ಕ್ಕೆ ಅನರ್ಹವಾದ ಹಳೆಯ ಯಂತ್ರವನ್ನು ಲಿನಕ್ಸ್ ಹಾಕಿ ಇಂಥ ಕೆಲಸಗಳಿಗೆ ಬಳಸಬಹುದು. ಡಿಜಿಟಲ್ ಸಹಿಯ ಟೋಕನ್, ಮುದ್ರಣ ಯಂತ್ರ ಹಾಗೂ ಬಳಸುತ್ತಿರುವ ಕನ್ನಡ ಅಕ್ಷರ ತಂತ್ರಾಂಶ ಲಿನಕ್ಸ್‌ನಲ್ಲಿ ನಡೆಯುತ್ತವೆಯೇ ಎಂದು ಮೊದಲೇ ಪರೀಕ್ಷಿಸಿಕೊಳ್ಳಬೇಕು.

ಕಾನೂನಿನ ಹೊಣೆ

ಯಾವ ವ್ಯವಸ್ಥೆಯಿದ್ದರೂ ಲೆಕ್ಕ ಉಳಿಸಿಕೊಳ್ಳುವ ಹೊಣೆ ವರ್ತಕರದೇ. ಜಿ.ಎಸ್.ಟಿ. ಕಾಯಿದೆಯ ಕಲಂ 36ರ ಪ್ರಕಾರ ವಾರ್ಷಿಕ ವಿವರಪಟ್ಟಿಯ ಕೊನೆಯ ದಿನಾಂಕದಿಂದ 72 ತಿಂಗಳು ಲೆಕ್ಕಪತ್ರ ಕಾಯ್ದಿರಿಸಬೇಕು. ಲೆಕ್ಕ ನಾಶವಾದರೂ ಸೂಕ್ತ ಸಮಯದೊಳಗೆ ಮರಳಿ ಪಡೆಯುವಂತೆ ನಕಲು ಇರಿಸಬೇಕೆಂದು ನಿಯಮ 57 ಹೇಳುತ್ತದೆ. ಕಂಪನಿಗಳಾದರೆ 2022ರ ಆಗಸ್ಟ್ ತಿದ್ದುಪಡಿಯಂತೆ ಭಾರತದಲ್ಲಿರುವ ಸರ್ವರ್‌ನಲ್ಲಿ ಪ್ರತಿದಿನವೂ ನಕಲು ಇರಿಸಬೇಕು. ಯಂತ್ರಕ್ಕೆ ವೈರಸ್ ಹತ್ತಿತ್ತೆಂಬ ಕಾರಣ ಈ ಹೊಣೆಯಿಂದ ಯಾರನ್ನೂ ಮುಕ್ತಗೊಳಿಸದು.

ಪಾಲಿಸಬೇಕಾದ ಕ್ರಮಗಳು

1. ಪ್ರತಿ ಯಂತ್ರದ ಕಾರ್ಯಾಚರಣಾ ವ್ಯವಸ್ಥೆ ಹಾಗೂ ಅದರ ಬೆಂಬಲದ ಕೊನೆಯ ದಿನಾಂಕವನ್ನು ಬರೆದಿಟ್ಟುಕೊಳ್ಳಬೇಕು.
2. ಪರಿಷ್ಕರಣೆಗಳನ್ನು ಮುಂದೂಡಬಾರದು. ಹಲವು ಯಂತ್ರಗಳಿರುವವರು ಮೊದಲು ಒಂದರಲ್ಲಿ ಅಳವಡಿಸಿ, ಸರಿಯಿದ್ದರೆ ಉಳಿದವುಗಳಿಗೆ ಮುಂದುವರಿಯಬೇಕು.
3. ಗುಮಾಸ್ತರ ದಿನನಿತ್ಯದ ಬಳಕೆಗೆ ಆಡಳಿತಾಧಿಕಾರವಿಲ್ಲದ ಪ್ರತ್ಯೇಕ ಲಾಗಿನ್ ಕೊಡಬೇಕು.
4. ಸಂಜೆ ಲೆಕ್ಕ ಮುಗಿದೊಡನೆ ನಕಲು ತೆಗೆದು ಆ ಡಿಸ್ಕನ್ನು ಯಂತ್ರದಿಂದ ಕಳಚಿ ಇಡಬೇಕು. ಚುಚ್ಚಿಯೇ ಬಿಟ್ಟ ಪೆನ್‌ಡ್ರೈವ್‌ಗೂ ವನ್ನಾಕ್ರೈನಂಥವು ಬೀಗ ಜಡಿಯುತ್ತವೆ.
5. ತಿಂಗಳಿಗೊಮ್ಮೆ ಆ ನಕಲನ್ನು ಬೇರೊಂದು ಯಂತ್ರದಲ್ಲಿ ತೆರೆದು, ಬಾಕಿಗಳು ತಾಳೆಯಾಗುತ್ತವೆಯೇ ಎಂದು ನೋಡಬೇಕು.

ಪರಿಷ್ಕರಣೆ ಕಾಣದ ಲಿನಕ್ಸ್‌ಗಿಂತ ಸರಿಯಾಗಿ ನೋಡಿಕೊಂಡ ವಿಂಡೋಸ್ ಮೇಲು. ಅವಧಿ ಮುಗಿದ ವಿಂಡೋಸ್‌ಗಿಂತ ಚಾಲ್ತಿಯ ಲಿನಕ್ಸ್ ಮೇಲು. ದೀಪಾವಳಿಯ ಲಕ್ಷ್ಮೀಪೂಜೆಗೆ ಖಾತೆ ಪುಸ್ತಕ ಇಡುವ ವರ್ತಕರು ಅಂದೇ ಯಂತ್ರದ ಅವಧಿಯನ್ನೂ ನಕಲನ್ನೂ ಒಮ್ಮೆ ಪರೀಕ್ಷಿಸುವ ರೂಢಿ ಇಟ್ಟುಕೊಂಡರೆ, ವರ್ಷಕ್ಕೊಮ್ಮೆಯಾದರೂ ಈ ಕೆಲಸ ತಪ್ಪದೆ ನಡೆದೀತು.