ಅಚ್ಚನ್ನು ತಿದ್ದುವವರ ಹೊಣೆ

ಮುದ್ರಣಾಲಯದಲ್ಲಿ ಮೊಳೆ ಜೋಡಿಸುವವನು ಎಡವಿದರೆ ಕೆಡುವುದು ಒಂದು ಪುಟ. ಮೊಳೆಯನ್ನು ಎರೆಯುವ ಅಚ್ಚಿನಲ್ಲಿಯೇ ಲೋಪವಿದ್ದರೆ, ಆ ಅಕ್ಷರವುಳ್ಳ ಪುಟಗಳೆಲ್ಲವೂ ಕೆಡುತ್ತವೆ. ಗಣಕಯಂತ್ರಗಳ ಲೋಕದಲ್ಲಿಯೂ ಇಂತಹ ಅಚ್ಚುಗಳುಂಟು.

ಮನುಷ್ಯನು ಸಿ ಮೊದಲಾದ ಭಾಷೆಗಳಲ್ಲಿ ಬರೆದುದನ್ನು ಯಂತ್ರಭಾಷೆಗೆ ಪರಿವರ್ತಿಸುವ ಪ್ರೋಗ್ರಾಮಿಗೆ ಕಂಪೈಲರ್ ಎಂದು ಹೆಸರು. 1987ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಅವರು ಮೊದಲು ಹೊರತಂದ ಜಿಸಿಸಿ ಅವುಗಳಲ್ಲಿ ಸುಪ್ರಸಿದ್ಧವಾದುದು. ಅದರ ಮೂಲಪಾಠವೆಲ್ಲವನ್ನೂ ಮನುಷ್ಯರೇ ಬರೆದಿಲ್ಲ. ಕೆಲವು ಭಾಗಗಳನ್ನು ಬರೆಯುವುದಕ್ಕೆಂದೇ ಬೇರೆ ಪ್ರೋಗ್ರಾಮುಗಳಿವೆ. ಇವುಗಳನ್ನು ಜನಕ ಪ್ರೋಗ್ರಾಮುಗಳೆನ್ನಬಹುದು. ಅವುಗಳಲ್ಲೊಂದಾದ ಜೆನ್‌ಮ್ಯಾಚ್, ಗಣಿತದ ಸರಳೀಕರಣ ಸೂತ್ರಗಳ ಪಟ್ಟಿಯನ್ನು ಓದಿ, ಅವುಗಳನ್ನು ಅನ್ವಯಿಸುವ ಅತಿದೀರ್ಘವಾದ ಸಿ ಪ್ಲಸ್ ಪ್ಲಸ್ ಪಾಠವನ್ನು ಬರೆದುಕೊಡುತ್ತದೆ. ಆ ಪಾಠವು ಕಂಪೈಲರಿನ ಅಂಗವಾಗುತ್ತದೆ.

ಒಂದು ಸೂತ್ರವನ್ನು ನೋಡೋಣ. ಕ್ಷ ಎಂಬ ಸಂಖ್ಯೆಗೆ ಸೊನ್ನೆಯನ್ನು ಕೂಡಿದರೆ ಬರುವುದು ಕ್ಷ. ಆದುದರಿಂದ ಕೂಡುವ ಶ್ರಮವನ್ನೇ ಕೈಬಿಡಬಹುದು. ಪೂರ್ಣಾಂಕಗಳ ವಿಷಯದಲ್ಲಿ ಇದು ನಿಜ. ಆದರೆ ಗಣಕಯಂತ್ರವು ದಶಾಂಶಗಳಿಗೆ ಬಳಸುವ ತೇಲುಬಿಂದು ಪದ್ಧತಿಯಲ್ಲಿ ಧನ ಸೊನ್ನೆ, ಋಣ ಸೊನ್ನೆ ಎಂದು ಎರಡುಂಟು. ಋಣ ಸೊನ್ನೆಗೆ ಧನ ಸೊನ್ನೆಯನ್ನು ಕೂಡಿದರೆ ಸಾಮಾನ್ಯವಾಗಿ ಬರುವುದು ಧನ ಸೊನ್ನೆ. ಭೇದವು ಅಲ್ಪವೆಂದು ತೋರಬಹುದು. ಆದರೆ ಒಂದನ್ನು ಇವೆರಡರಿಂದ ಭಾಗಿಸಿ ನೋಡಿದರೆ, ಒಂದು ಕಡೆ ಧನ ಅನಂತ, ಇನ್ನೊಂದು ಕಡೆ ಋಣ ಅನಂತ! ಆದುದರಿಂದ ಇಂತಹ ಸೂತ್ರಕ್ಕೆ ಒಂದು ನಿಬಂಧನೆಯನ್ನು ಕಟ್ಟಿರಬೇಕು. ಪಟ್ಟಿಯಲ್ಲಿ ನಿಬಂಧನೆಯು ಸರಿಯಾಗಿದ್ದು, ಜನಕ ಪ್ರೋಗ್ರಾಮು ಅದನ್ನು ಬರೆಯಲು ಮರೆತರೆ, ಆ ಕಂಪೈಲರಿನಿಂದ ಸಿದ್ಧವಾದ ಯಾವ ಲೆಕ್ಕದಲ್ಲಿಯಾದರೂ ತಪ್ಪು ನುಸುಳಬಹುದು.

ಇಂತಹ ಪ್ರೋಗ್ರಾಮಿಗೆ ಮಾಡುವ ತಿದ್ದುಪಡಿಗೆ ಪ್ಯಾಚ್, ಅಂದರೆ ತೇಪೆ, ಎಂದು ಹೆಸರು. ಜೆನ್‌ಮ್ಯಾಚ್ ಬರೆದ ಕಡತವು ಬಹಳ ಬೆಳೆದು, ಜಿಸಿಸಿಯನ್ನು ಕಟ್ಟುವ ಕೆಲಸವೇ ನಿಧಾನವಾಗುತ್ತಿತ್ತು. 2023ರಲ್ಲಿ ಬಂದ ಒಂದು ತೇಪೆಯು ಆ ಪಾಠವನ್ನು ಸಾಧಾರಣವಾಗಿ ಹತ್ತು ಕಡತಗಳಾಗಿ ಹಂಚುವಂತೆ ಮಾಡಿತು.

ಇಂತಹ ತೇಪೆಯ ಪರಿಶೀಲಕನು ತೇಪೆಯನ್ನು ಮಾತ್ರ ಓದಿದರೆ ಸಾಲದು. ಅದರ ಸಂತಾನವನ್ನೂ ಓದಬೇಕು. ಹಿಂದೆ ಒಂದೇ ಕಡತದಲ್ಲಿ ಅಡಗಿದ್ದ ಕಾರ್ಯವಿಧಿಯು ಈಗ ಬೇರೆ ಕಡತಗಳಿಗೂ ಗೋಚರಿಸುವುದೇ? ಹಂಚುವಾಗ ಯಾವುದಾದರೂ ಬಿಟ್ಟುಹೋಯಿತೇ? ತೇಪೆಯ ಮುಂಚಿನ ಮತ್ತು ಅನಂತರದ ಪಾಠಗಳನ್ನು ಎದುರುಬದುರಾಗಿಟ್ಟು ಹೋಲಿಸುವುದೇ ಇದಕ್ಕೆ ಉತ್ತಮ ಮಾರ್ಗ.

ಇನ್ನೊಂದು ಪರೀಕ್ಷೆಯು ಬಲು ಸೊಗಸಾದುದು. ಹಳೆಯ ಕಂಪೈಲರಿನಿಂದ ಹೊಸದನ್ನು ಕಟ್ಟುತ್ತಾರೆ. ಆ ಹೊಸದರಿಂದ ಅದನ್ನೇ ಮತ್ತೊಮ್ಮೆ, ಹೀಗೆ ಬಂದುದರಿಂದ ಮೂರನೆಯ ಬಾರಿ ಕಟ್ಟುತ್ತಾರೆ. ಎರಡನೆಯದೂ ಮೂರನೆಯದೂ ಒಂದೇ ಆಗಿರಬೇಕು. ಆದರೆ ಈ ಪರೀಕ್ಷೆಯು ತೋರಿಸುವುದು ಸುಸಂಗತಿಯನ್ನು, ಸತ್ಯವನ್ನಲ್ಲ. ಒಂದೇ ತಪ್ಪನ್ನು ಎರಡು ಬಾರಿಯೂ ಒಂದೇ ರೀತಿಯಲ್ಲಿ ಮಾಡುವ ಕಂಪೈಲರು ಇದರಲ್ಲಿ ಉತ್ತೀರ್ಣವಾಗಬಲ್ಲದು. ನಮ್ಮ ಪ್ರಯೋಗಶಾಲೆಯಲ್ಲಿಯೂ ಅಷ್ಟೆ: ಡೊಂಕಾದ ಅಳತೆಗೋಲು ಎಷ್ಟು ಸಲ ಅಳೆದರೂ ಒಂದೇ ಉತ್ತರವನ್ನು ಕೊಡುತ್ತದೆ. ಆದುದರಿಂದಲೇ ಉತ್ತರವು ಮೊದಲೇ ತಿಳಿದಿರುವ ಸಾವಿರಾರು ಪುಟ್ಟ ಪ್ರೋಗ್ರಾಮುಗಳನ್ನು ಕೊಟ್ಟು ಕಂಪೈಲರನ್ನು ಪರೀಕ್ಷಿಸುತ್ತಾರೆ. ಅದರ ಮೇಲೆಯೂ, ತಿದ್ದಿದ ಸಾಲುಗಳನ್ನು ಇನ್ನೊಬ್ಬರ ಕಣ್ಣು ಓದುವುದು ಒಳ್ಳೆಯದು.